ಮರುಭೂಮಿಯಲ್ಲಿ ಚಳಿಗಾಲ: ಹೋಗೋಣ್ವಾ, ಬೇಡವಾ?

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಅರಿಝೋನಾದ ಆರ್‌ವಿ ರೆಸಾರ್ಟ್‌ಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಲಗೋಕೆ, ಅಡುಗೆಗೆ, ಸ್ನಾನಕ್ಕೆ ಎಲ್ಲಾ ಅನುಕೂಲ ಇರುವ ದೊಡ್ಡ ಗಾಡಿಗಳನ್ನು ತಂದು ಸಾಲಾಗಿ ನಿಲ್ಲಿಸಿ, ನಿವೃತ್ತರು ಚಳಿಗಾಲ ಪೂರ್ತಿ ಇರುವ ಜಾಗಗಳು ಅವು. ಮಗಳು ಫೀನಿಕ್ಸ್‌ನಲ್ಲಿ ಇರುವುದರಿಂದ ನಾನೂ ನಮ್ಮವರೂ ಯೂಮಾ ಅನ್ನುವ ಊರಿನ ಅಂಥ ಒಂದು ರೆಸಾರ್ಟಿನಲ್ಲಿ ಇದ್ದು ಬಂದೆವು. ಅದನ್ನು ಓದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಪತ್ರ ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು ನಾನು. ವಯಸ್ಸು 67. ಮಗ ಫೀನಿಕ್ಸ್‌ನಲ್ಲಿದ್ದಾನೆ. ಅವನ ಮನೆಯಲ್ಲಿ ಟಿವಿ ನೋಡುತ್ತಾ ಕೂಡುವ ಬದಲು ನವೆಂಬರಿನಿಂದ ಏಪ್ರಿಲ್ ತನಕ ದೊಡ್ಡ ಆರ್‌ವಿ ಬಾಡಿಗೆಗೆ ತಗೊಂಡು ಮರುಭೂಮಿಯಲ್ಲಿ ಇಬ್ಬರೇ ಇರೋಣ ಅಂತ ನನ್ನ ಯೋಚನೆ. ಡ್ರೈವಿಂಗ್ ಚೆನ್ನಾಗಿ ಬರುತ್ತದೆ. ಯಾವ ಗಾಡಿ ತಗೊಳ್ಳಲಿ? ನೀರು, ಕರೆಂಟು, ಸಂಡಾಸದ ವ್ಯವಸ್ಥೆ ಹೇಗೆ? ಚಳಿ ಎಷ್ಟಿರುತ್ತದೆ? ಖರ್ಚು ಉಳಿಸುವುದು ಹೇಗೆ? ಮನೆಯವರಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ ಇದೆ.
— ನವನಗರ, ಬಾಗಲಕೋಟೆ

ಉತ್ತರ: ಸರ್, ನಿಮ್ಮ ಪತ್ರ ಮೂರು ಪುಟ ಇದೆ, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇವೆ. ಮೂರು ಪುಟದಲ್ಲಿ ಗಾಡಿ ಇದೆ, ಟ್ಯಾಂಕು ಇದೆ, ಕರೆಂಟು ಇದೆ. ಮನೆಯವರ ಬಗ್ಗೆ ಇರುವುದು ಒಂದೇ ಸಾಲು, ಅದೂ ಕೊನೆಗೆ. ಅವರನ್ನು ಕೇಳಿದ್ದೀರಾ? ಈ ಚಳಿಗಾಲ ಚೆನ್ನಾಗಿ ಹೋಗುತ್ತದೋ ಇಲ್ಲವೋ ಅನ್ನೋದು ಗಾಡಿಯ ಮೇಲೆ ನಿಂತಿಲ್ಲ, ಅವರಿಗೂ ಮನಸ್ಸಿದೆಯಾ ಅನ್ನೋದರ ಮೇಲೆ ನಿಂತಿದೆ. ಮನೆಯಲ್ಲಿ ನೀವು ಪಡಸಾಲೆಯಲ್ಲಿ, ಅವರು ಹಿತ್ತಲಲ್ಲಿ, ನಡುವೆ ಬಂದುಹೋಗುವ ಜನ ಅಂತ ದಿನ ಕಳೆದು ಹೋಗುತ್ತದೆ. ಅಲ್ಲಿ ಹಾಗಲ್ಲ. ಎದ್ದರೆ ಕೂತರೆ ಒಬ್ಬರ ಮುಖ ಇನ್ನೊಬ್ಬರು ನೋಡಬೇಕು. ಅದು ಖುಷಿಯ ವಿಷಯ ಆಗಬಹುದು, ನಮಗೆ ಆಗಿತ್ತು. ಆದರೆ ಇಬ್ಬರೂ ಒಪ್ಪಿ ಹೋದರೆ ಮಾತ್ರ.

ಇನ್ನು ಚಳಿ. ಅಲ್ಲಿಗೆ ಬರುವವರಲ್ಲಿ ಬಹಳ ಜನ ಕೆನಡಾದವರು, ಇಲ್ಲವೇ ಅಮೆರಿಕದ ಉತ್ತರ ತುದಿಯ ಮಿನೆಸೋಟ, ನಾರ್ತ್ ಡಕೋಟ ಕಡೆಯವರು. ಅವರ ಊರಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದೂ ಉಂಟು. ಅದಕ್ಕೇ ದಕ್ಷಿಣಕ್ಕೆ ಬರುತ್ತಾರೆ, ಅವರನ್ನು ಸ್ನೋಬರ್ಡ್ ಅಂತಲೇ ಕರೆಯುತ್ತಾರೆ. ಯೂಮಾದಲ್ಲಿ ಜನವರಿಯ ಹಗಲು ಸುಮಾರು 20 ಡಿಗ್ರಿ, ರಾತ್ರಿ 8ರ ಹತ್ತಿರ. ಸೂರ್ಯ ಮುಳುಗಿದ ಕೂಡಲೇ ಸರ್ರನೆ ಇಳಿಯುತ್ತದೆ. ಬಾಗಲಕೋಟೆಯ ಜನವರಿ ಇದಕ್ಕಿಂತ ಬೆಚ್ಚಗೇ ಇರುತ್ತದೆ, ಅಲ್ವಾ? ಅಂದರೆ ಹವಾಮಾನಕ್ಕೋಸ್ಕರ ನಾವು ಅಲ್ಲಿಗೆ ಹೋಗುವ ಕಾರಣವೇ ಇಲ್ಲ. ನಮಗೆ ಊರು ಬಿಟ್ಟು ಓಡಬೇಕು ಅನಿಸೋದು ಏಪ್ರಿಲ್, ಮೇ ತಿಂಗಳಲ್ಲಿ. ಚಳಿಗಾಲ ನಮ್ಮ ಕಡೆ ವರ್ಷದಲ್ಲೇ ಒಳ್ಳೆಯ ಕಾಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲೋದು, ಸೀತನಿ, ಬನಶಂಕರಿ ಜಾತ್ರೆ, ಜಾತ್ರೆಯ ನಾಟಕ, ಎಲ್ಲಾ ಆಗಲೇ. ಅದನ್ನೆಲ್ಲ ಬಿಟ್ಟು ಹೋಗುವುದಾದರೆ ಬೇರೆ ಕಾರಣ ಇರಬೇಕು. ಮಗನ ಹತ್ತಿರ ಇರೋದು, ಆದರೆ ಅವನ ಮನೆಯಲ್ಲೇ ತಿಂಗಳುಗಟ್ಟಲೆ ಇರದಿರೋದು, ಹೊಸ ಜನರ ಜೊತೆ ಬೆರೆಯೋದು, ಇಬ್ಬರೇ ಸ್ವಲ್ಪ ಕಾಲ ಇರೋದು. ಇವೆಲ್ಲಾ ಒಳ್ಳೆಯ ಕಾರಣಗಳೇ.

ಗಾಡಿಯ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಓಡಿಸುವ ಗಾಡಿ ಬೇಡ. ನಿಮ್ಮ ಭಾರತದ ಲೈಸೆನ್ಸ್, ಜೊತೆಗೆ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರ್ಮಿಟ್ ಇಟ್ಟುಕೊಂಡು ಅಲ್ಲಿ ಕಾರು ಓಡಿಸಬಹುದು, ಸರಿ. ಆದರೆ 35 ಅಡಿ ಉದ್ದದ ಮೋಟರ್‌ಹೋಮ್, ರಸ್ತೆಯ ಬಲಗಡೆ, ಅಡ್ಡಗಾಳಿ ಬೀಸುವ ಮರುಭೂಮಿ ಹೆದ್ದಾರಿ, ಇದು 67ನೇ ವಯಸ್ಸಿಗೆ ಹೊಸದಾಗಿ ಕಲಿಯುವ ವಿದ್ಯೆ ಅಲ್ಲ. ಪಿಕಪ್ ಗಾಡಿಯ ಬೆನ್ನಿಗೆ ಸಿಗಿಸಿ ಎಳೆಯುವ ಫಿಫ್ತ್ ವೀಲ್ ಅನ್ನುವುದೂ ಇದೆ, ಅದನ್ನು ರಿವರ್ಸ್ ತಗೊಂಡು ಜಾಗದಲ್ಲಿ ಕೂರಿಸುವುದು ಇನ್ನೂ ಕಷ್ಟ. ರೆಸಾರ್ಟಿನೊಳಗೇ ನಿಂತಿರುವ ಪಾರ್ಕ್ ಮಾಡೆಲ್ ಅಂತ ಸಿಗುತ್ತದೆ. ಹೆಚ್ಚೆಂದರೆ 400 ಚದರ ಅಡಿ, ಅಂದರೆ 12 ಅಡಿ ಅಗಲ, 33 ಅಡಿ ಉದ್ದದ ಮನೆ. ಅದನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ತಗೊಳ್ಳಿ. ಆರ್‌ವಿಗೆ ಹತ್ತುವ ಮೆಟ್ಟಿಲು ಕಡಿದಾಗಿ, ಇಕ್ಕಟ್ಟಾಗಿ ಇರುತ್ತವೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯಬೇಕು ಅಂತ ಯೋಚನೆ ಮಾಡಿ, ಆಮೇಲೆ ಮನೆಯವರ ಮೊಣಕಾಲು ನೆನಪು ಮಾಡಿಕೊಳ್ಳಿ. ಪಾರ್ಕ್ ಮಾಡೆಲ್‌ಗಳಲ್ಲಿ ಹೆಚ್ಚಿನವಕ್ಕೆ ಕಟ್ಟೆ, ಹಿಡಿಕೆ ಎರಡೂ ಇರುತ್ತವೆ. ಮಗನಿಗೆ ಹೇಳಿ ಮೊದಲು ಮೆಟ್ಟಿಲಿನ ಫೋಟೋ ತರಿಸಿ.

ಎಷ್ಟೇ ಹೇಳಿದರೂ ಎಂಜಿನಿಯರ್ ಮನಸ್ಸು ಟ್ಯಾಂಕಿನ ಕಡೆಗೇ ಹೋಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಿಜವಾದ ಆರ್‌ವಿಯಲ್ಲಿ ಮೂರು ಟ್ಯಾಂಕು. ಒಂದು ಒಳ್ಳೆಯ ನೀರಿಗೆ, ಒಂದು ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ, ಇನ್ನೊಂದು ಸಂಡಾಸಿಗೆ. ಮೊದಲನೆಯದು ಫ್ರೆಶ್, ಎರಡನೆಯದು ಗ್ರೇ, ಮೂರನೆಯದು ಬ್ಲ್ಯಾಕ್. ರೆಸಾರ್ಟಿನ ಪ್ರತಿ ಜಾಗದಲ್ಲೂ ನೆಲದಲ್ಲಿ ಒಳಚರಂಡಿಯ ಬಾಯಿ ಇರುತ್ತದೆ, ಪೈಪು ಹಾಕುತ್ತಾರೆ. ಸದಾ ಜೋಡಿಸಿದೆಯಲ್ಲ ಅಂತ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದಿಡಬಾರದು. ತೆರೆದಿಟ್ಟರೆ ನೀರೆಲ್ಲ ಹರಿದು ಹೋಗಿ ಗಟ್ಟಿ ಮಾತ್ರ ಒಳಗೆ ಗುಡ್ಡೆಯಾಗಿ ಕೂಡುತ್ತದೆ. ಅದು ಒಣಗಿತು ಅಂದರೆ ಗತಿ ಇಲ್ಲ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಆಮೇಲೆ ಗ್ರೇ ವಾಲ್ವ್ ತೆಗೆದರೆ ಆ ಸೋಪಿನ ನೀರೇ ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಪಾರ್ಕ್ ಮಾಡೆಲ್ ಆದರೆ ಈ ಕೆಲಸ ಯಾವುದೂ ಇಲ್ಲ, ಒಳಚರಂಡಿಗೆ ನೇರ ಜೋಡಣೆ ಇರುತ್ತದೆ.

ಕರೆಂಟು ಅಲ್ಲಿ 120 ವೋಲ್ಟ್, 60 ಹರ್ಟ್ಝ್. ನಮ್ಮ 230 ವೋಲ್ಟಿನ ಮಿಕ್ಸರ್ ಒಯ್ಯಬೇಡಿ, ಸುಮ್ನೆ ತೂಕ. ಆರ್‌ವಿ ಜಾಗಗಳಲ್ಲಿ 30 ಆಂಪ್, 50 ಆಂಪ್ ಅಂತ ಎರಡು ಬಗೆ. 30 ಆಂಪ್ ಅಂದರೆ ಒಟ್ಟು 3600 ವ್ಯಾಟ್. ಹೀಟರ್ ಹಾಕಿಕೊಂಡು, ಮೈಕ್ರೋವೇವ್ ಓಡಿಸಿ, ಮೇಲೆ ಟೀ ಕಾಯಿಸುವ ಕೆಟಲ್ ಹಚ್ಚಿದರೆ ಟ್ರಿಪ್ ಆಗುತ್ತದೆ. ತಿಂಗಳ ಬಾಡಿಗೆಗೆ ಇದ್ದರೆ ಕರೆಂಟಿಗೆ ಬೇರೆ ಮೀಟರ್ ಇರುವುದೇ ಜಾಸ್ತಿ, ಮೊದಲೇ ಕೇಳಿಕೊಳ್ಳಿ.

ಖರ್ಚು ಉಳಿಸೋಕೆ ಇನ್ನೊಂದು ದಾರಿ ಇದೆ, ಅದನ್ನು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಫೀನಿಕ್ಸ್‌ನಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ ಕ್ವಾರ್ಟ್ಝ್‌ಸೈಟ್ ಅಂತ ಸಣ್ಣ ಊರು. ಊರ ಹೊರಗೆ ಸರ್ಕಾರದ ಬಯಲು ಜಾಗ, ಲಾ ಪೋಸಾ ಅನ್ನುತ್ತಾರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ ಪರ್ಮಿಟ್ ತಗೊಂಡು ಗಾಡಿ ನಿಲ್ಲಿಸಿಕೊಂಡು ಇರಬಹುದು. ರೆಸಾರ್ಟಿನ ಬಾಡಿಗೆ ಮುಂದೆ ಅದು ಏನೂ ಅಲ್ಲ. ಆದರೆ ಜಾಗಕ್ಕೆ ಜೋಡಿಸಿದ ನಲ್ಲಿ ಇಲ್ಲ, ಕರೆಂಟ್ ಇಲ್ಲ. ಸೋಲಾರ್ ಇಲ್ಲವೇ ಜನರೇಟರ್, ನೀರು ತಂದುಕೊಳ್ಳಬೇಕು. ಜನವರಿಯಲ್ಲಿ ಅಲ್ಲಿ ಆರ್‌ವಿ ಮೇಳ, ಹರಳು ಕಲ್ಲಿನ ಸಂತೆ ಎಲ್ಲಾ ಸೇರಿ ಲಕ್ಷಗಟ್ಟಲೆ ಜನ ಬರುತ್ತಾರೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಚಕ್ಕಡಿ, ಟ್ರ್ಯಾಕ್ಟರ್ ಬಿಟ್ಟುಕೊಂಡು ಅಲ್ಲೇ ಒಲೆ ಹೂಡುತ್ತಾರಲ್ಲ, ನೋಡಿದರೆ ಹಾಗೇ ಇರುತ್ತದೆ. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇದ್ದವರು ಅಲ್ಲಿ ವಾಸ ಮಾಡುವುದು ಬೇಡ. ಮಗನ ಜೊತೆ ಒಂದು ದಿನ ಹೋಗಿ ನೋಡಿ ಬನ್ನಿ. ಹೋದರೆ ಹಾಯ್ ಜಾಲಿ ಸಮಾಧಿ ನೋಡದೆ ಬರಬೇಡಿ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಗೆ ಅಂತ ಒಂಟೆಗಳನ್ನು ತರಿಸಿತ್ತು. ಅವನ್ನು ನಡೆಸೋಕೆ ಬಂದವರಲ್ಲಿ ಹಾಜಿ ಅಲಿ ಒಬ್ಬ, ಅವನ ಹೆಸರನ್ನೇ ಅಲ್ಲಿಯವರು ಹಾಯ್ ಜಾಲಿ ಮಾಡಿಕೊಂಡರು. ಸಮಾಧಿ ಮೇಲೆ ಕಲ್ಲಿನ ಪಿರಮಿಡ್, ಅದರ ತುದಿಗೆ ಲೋಹದ ಒಂಟೆ.

ನಿಮಗೆ ಅಂತಲೇ ಇನ್ನೊಂದು. ಯೂಮಾ ಹತ್ತಿರ ಕೊಲೊರಾಡೊ ನದಿಗೆ 1938ರಲ್ಲಿ ಮುಗಿಸಿದ ಇಂಪೀರಿಯಲ್ ಅಣೆಕಟ್ಟು ಇದೆ, ಆಲ್-ಅಮೆರಿಕನ್ ಕಾಲುವೆ ಅಲ್ಲಿಂದಲೇ ಹೊರಡುತ್ತದೆ. ಯೂಮಾ ಊರೊಳಗೆ 1912ರ ಸೈಫನ್ ಇದೆ, ಕಾಲುವೆ ನೀರು ನದಿಯ ತಳದ ಕೆಳಗೆ ಹಾದು ಆಚೆ ದಡಕ್ಕೆ ಬರುತ್ತದೆ. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳದ ಆ ನೆಲದಲ್ಲಿ ಚಳಿಗಾಲ ಪೂರ್ತಿ ಎಕರೆಗಟ್ಟಲೆ ಸೊಪ್ಪು ಬೆಳೆಯುತ್ತಾರೆ. ಅಮೆರಿಕದವರು ಆ ತಿಂಗಳಲ್ಲಿ ತಿನ್ನುವ ಲೆಟಿಸ್ ಬಹುಪಾಲು ಅಲ್ಲಿಯದೇ. ಆಲಮಟ್ಟಿ ನೀರಿನ ಜೊತೆ ಬದುಕಿದ ನಿಮಗೆ ಇದು ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥ ಆಗುತ್ತದೆ.

ಕೊನೆಗೆ ದುಡ್ಡಿನ ಮುಖ್ಯ ಮಾತು: ಬಾಡಿಗೆಯಲ್ಲಿ ಉಳಿಸಿ, ಇನ್ಶೂರೆನ್ಸ್‌ನಲ್ಲಿ ಉಳಿಸಬೇಡಿ. ಮೆಡಿಕೇರ್ ಅನ್ನುವ ಅಲ್ಲಿಯ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಪ್ರವಾಸಕ್ಕೆ ಬಂದ ನಮಗೆ ಸಿಗುವುದಿಲ್ಲ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಚಿಕಿತ್ಸೆಗೂ ಇಷ್ಟೇ ಅಂತ ಮಿತಿ, ಅಗ್ಗ. ಆಸ್ಪತ್ರೆ ಬಿಲ್ ಅದನ್ನು ಎಲ್ಲೋ ದಾಟಿ ಹೋಗುತ್ತದೆ. ಇನ್ನೊಂದು ಕಾಂಪ್ರಿಹೆನ್ಸಿವ್, ಅದನ್ನೇ ತಗೊಳ್ಳಿ. ಮೊದಲೇ ಇರುವ ಕಾಯಿಲೆ ದಿಢೀರ್ ಏರಿದರೆ ಕೊಡುತ್ತಾರಾ, ಎಷ್ಟು ವಯಸ್ಸಿನವರೆಗೆ ಕೊಡುತ್ತಾರೆ, ಈ ಎರಡು ಸಾಲು ಪಾಲಿಸಿಯಲ್ಲಿ ಹುಡುಕಿ ಓದಿ. ಮನೆಯವರ ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ. ವೀಸಾ 10 ವರ್ಷದ್ದು ಇದ್ದರೂ ಒಂದು ಸಲಕ್ಕೆ ಎಷ್ಟು ದಿನ ಅನ್ನೋದನ್ನು ಇಳಿದಾಗ ಅಲ್ಲಿಯ ಅಧಿಕಾರಿ ಹೇಳುತ್ತಾರೆ, ಸಾಮಾನ್ಯವಾಗಿ 6 ತಿಂಗಳು. ಐ-94 ಅನ್ನುವ ಪ್ರವೇಶ ದಾಖಲೆಯಲ್ಲಿ ಇರುವ ತಾರೀಖೇ ಅಂತಿಮ.

ಆರು ತಿಂಗಳು ಬೇಡ ಸರ್. ಮೊದಲ ಸಲ ಜನವರಿ, ಫೆಬ್ರವರಿ ಎರಡೇ ತಿಂಗಳು ಹೋಗಿ. ಮನೆಯವರು ಮತ್ತೆ ಹೋಗೋಣ ಅಂದರೆ ಮುಂದಿನ ವರ್ಷ ಜಾಸ್ತಿ ಇರಿ.

ಪ್ರಶ್ನೆ: ನಮ್ಮವರು ಹೋಗಲೇಬೇಕು ಅಂತ ಹಟ ಹಿಡಿದಿದ್ದಾರೆ. ನನಗೆ ಇಂಗ್ಲಿಷ್ ಬರೋದಿಲ್ಲ. ಅಲ್ಲಿ ಹೊತ್ತು ಹೇಗೆ ಕಳೆಯಲಿ? ರೊಟ್ಟಿ ಮಾಡೋಕೆ ಆಗುತ್ತಾ? ಸಿದ್ಧೇಶ್ವರ ಜಾತ್ರೆಯೂ ತಪ್ಪುತ್ತದೆ ಅಂತ ಬೇಜಾರು.
— ವಿಜಯಪುರ

ಉತ್ತರ: ಜಾತ್ರೆ ತಪ್ಪಿಸಬಾರದು ಅನಿಸಿದರೆ ಅದನ್ನು ಗಟ್ಟಿಯಾಗಿ ಹೇಳಿ. ಸಂಕ್ರಾಂತಿ ಮುಗಿಸಿಕೊಂಡು ಜನವರಿ ಕೊನೆಗೆ ಹೊರಟರೂ ಏನೂ ನಷ್ಟ ಇಲ್ಲ, ಮಾರ್ಚ್ ತನಕ ಅಲ್ಲಿ ಹವಾ ಚೆನ್ನಾಗಿರುತ್ತದೆ. ನಿಮ್ಮ ಇಷ್ಟಕ್ಕೂ ಲೆಕ್ಕ ಇರಬೇಕು.

ರೊಟ್ಟಿ ಖಂಡಿತ ಆಗುತ್ತದೆ. ಫೀನಿಕ್ಸ್ ಸುತ್ತಲಿನ ಭಾರತೀಯ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಯೂಮಾಕ್ಕೆ ಹೋಗುವ ಮುಂಚೆ ಅಲ್ಲೇ ತುಂಬಿಕೊಳ್ಳಿ, ನಡುವೆ ಸುಮಾರು 300 ಕಿಲೋಮೀಟರ್ ಇದೆ. ತೊಂದರೆ ಏನಂದರೆ, ಒಲೆಯ ಹತ್ತಿರದಲ್ಲೇ ಹೊಗೆ ಹಿಡಿಯುವ ಅಲಾರಂ ಇರುತ್ತದೆ. ಒಗ್ಗರಣೆ ಮೆಣಸಿನಕಾಯಿಗೇ ಅದು ಕಿರುಚುತ್ತದೆ, ಇನ್ನು ಹಂಚು ಕಾಯಿಸಿದರೆ ಕೇಳಬೇಡಿ. ಅದರ ಬ್ಯಾಟರಿ ಮಾತ್ರ ಕೀಳಬೇಡಿ, ಬೆಂಕಿ ಹತ್ತಿದರೆ ಎಚ್ಚರಿಸೋದು ಅದೇ. ಛಾವಣಿಯ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ನಾನು ಹೊರಗಿನ ಮೇಜಿನ ಮೇಲೆ ಒಂಟಿ ಒಲೆ ಇಟ್ಟುಕೊಂಡು ಮಾಡುತ್ತಿದ್ದೆ. ಬೆಳಗ್ಗೆ ಹತ್ತು ಗಂಟೆ ಬಿಸಿಲು, ಪರಾತದಲ್ಲಿ ಬಿಸಿನೀರು ಹಾಕಿ ನಾದಿದ ಹಿಟ್ಟು, ಪಟ ಪಟ ಬಡಿಯೋಕೆ ಶುರು ಮಾಡಿದರೆ ಸಪ್ಪಳಕ್ಕೇ ಅಕ್ಕಪಕ್ಕದವರು ಹೊರಗೆ ಬರುತ್ತಿದ್ದರು. ಲಟ್ಟಣಿಗೆ ಇಲ್ಲದೆ ಅಷ್ಟು ತೆಳ್ಳಗೆ, ಅಷ್ಟು ದುಂಡಗೆ ಹೇಗೆ ಬರುತ್ತದೆ ಅಂತ ಅವರಿಗೆ ಆಶ್ಚರ್ಯ. ಮೇಲೆ ನೀರು ಸವರಿ ತಿರುವಿ ಹಾಕಿದಾಗ ಉಬ್ಬುತ್ತದಲ್ಲ, ಆಗ ಚಪ್ಪಾಳೆ ಹೊಡೆದವರೂ ಇದ್ದಾರೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಜೊತೆಗೆ ಒಯ್ಯಿರಿ. ವಿಮಾನ ಇಳಿದಾಗ ತಿನ್ನುವ ಪದಾರ್ಥ ಇದೆ ಅಂತ ಕಸ್ಟಮ್ಸ್‌ನವರಿಗೆ ಹೇಳಿ, ಮುಚ್ಚಿಟ್ಟರೆ ದಂಡ.

ವಾರಕ್ಕೊಮ್ಮೆ ಎಲ್ಲರೂ ಒಂದೊಂದು ಪಾತ್ರೆ ಅಡುಗೆ ತಂದು ಒಟ್ಟಿಗೆ ಊಟ ಮಾಡುವ ಪದ್ಧತಿ ಇದೆ. ಸಸ್ಯಾಹಾರಿಗಳಾದರೆ ಕಾಳಿನ ಪಲ್ಯ ಕಂಡರೂ ಕೇಳಿಯೇ ಬಡಿಸಿಕೊಳ್ಳಿ. ಮೆಕ್ಸಿಕೋ ಪಕ್ಕದ ಊರುಗಳಲ್ಲಿ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವ ರೂಢಿ ಇದೆ.

ಇನ್ನು ಹೊತ್ತು ಕಳೆಯುವ ಮಾತು. ಮನೆಯಲ್ಲಿ ಹಳೆಯ ಸೀರೆಯ ಕೌದಿ ಇದ್ದರೆ ಒಂದು ಚೀಲಕ್ಕೆ ಹಾಕಿಕೊಳ್ಳಿ. ಹಗುರವಾದದ್ದು ನೋಡಿ. ಆ ರೆಸಾರ್ಟ್‌ಗಳಲ್ಲಿ ಹೆಂಗಸರು ಸೇರಿ ಕ್ವಿಲ್ಟ್ ಹೊಲಿಯುವ ಕೋಣೆ ಇರುತ್ತದೆ. ಅವರದು ಮಷೀನು, ಅಳತೆ ಪಟ್ಟಿ, ಬಟ್ಟೆ ಕತ್ತರಿಸುವ ಚಕ್ರ. ನಾನು ನಮ್ಮ ಕೌದಿಯನ್ನು ಮೇಜಿನ ಮೇಲೆ ಹಾಸಿದ ದಿನ ಎಲ್ಲರೂ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಒಬ್ಬರು ಕನ್ನಡಕ ಏರಿಸಿಕೊಂಡು ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಬರುವ ಹೊಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡೇ ನಡು ತನಕ ಹೋದರು. ನಾನು ಸೂಜಿ ಹಿಡಿದು ತೋರಿಸಿದೆ, ಅವರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಅಲ್ಲಿ ಇಂಗ್ಲಿಷ್ ಎಷ್ಟು ಬೇಕಾಗುತ್ತದೆ ಹೇಳಿ. ಈಜುಕೊಳದ ನೀರು ಬೆಚ್ಚಗಿರುತ್ತದೆ. ಈಜು ಬರದಿದ್ದರೂ ಎದೆಮಟ್ಟದ ನೀರಲ್ಲಿ ನಡೆದಾಡಬಹುದು, ಮೊಣಕಾಲು ನೋವಿನವರಿಗೆ ಬಹಳ ಆರಾಮ.

ಮೊಮ್ಮಕ್ಕಳ, ಅಕ್ಕತಂಗಿಯರ ಫೋನಿಗೂ ಲೆಕ್ಕ ಸುಲಭ. ಅರಿಝೋನಾದಲ್ಲಿ ಬಹುತೇಕ ಕಡೆ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ಅಲ್ಲಿ ಬೆಳಗ್ಗೆ 7 ಅಂದರೆ ವಿಜಯಪುರದಲ್ಲಿ ಸಂಜೆ 7:30, ಯಾವಾಗಲೂ.

ಪ್ರಶ್ನೆ: ರೆಸಾರ್ಟಿನಲ್ಲಿ ಮೊಮ್ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳಬಹುದಾ?
— ಟಿಳಕವಾಡಿ, ಬೆಳಗಾವಿ

ಉತ್ತರ: ನೋಡೋಕೆ ಬಂದು ಕೆಲವು ದಿನ ಇರಬಹುದು, ವಾಸಕ್ಕೆ ಆಗುವುದಿಲ್ಲ. ಇಂಥ ರೆಸಾರ್ಟ್‌ಗಳಲ್ಲಿ ಬಹಳಷ್ಟು 55 ದಾಟಿದವರಿಗೆ ಅಂತಲೇ ಇರುವಂಥವು. 1995ರ ಕಾನೂನಿನ ಪ್ರಕಾರ ವಾಸ ಇರುವ ಮನೆಗಳಲ್ಲಿ ಶೇಕಡ 80ರಲ್ಲಿ ಕನಿಷ್ಠ ಒಬ್ಬರಿಗಾದರೂ 55 ತುಂಬಿರಬೇಕು. ಅತಿಥಿಗಳು ಎಷ್ಟು ದಿನ ಇರಬಹುದು ಅನ್ನೋದು ಒಂದೊಂದು ರೆಸಾರ್ಟಿಗೆ ಒಂದೊಂದು ಥರ. ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

ಪ್ರಶ್ನೆ: ಗೇಟಿನ ಹತ್ತಿರ ಕೂತು, ಗಿಡಕ್ಕೆ ನೀರು ಹಾಕಿದರೆ ಬಾಡಿಗೆ ಬಿಡುತ್ತಾರೆ ಅಂತ ಪರಿಚಯದವರು ಹೇಳಿದರು. ಮಾಡಬಹುದಾ?
— ಜಮಖಂಡಿ

ಉತ್ತರ: ಬೇಡ. ಅಮೆರಿಕದವರು ಹಾಗೆ ಮಾಡುತ್ತಾರೆ, ಅವರಿಗೆ ಹಕ್ಕಿದೆ. ಪ್ರವಾಸಿ ವೀಸಾದಲ್ಲಿ ಹೋದ ನಾವು ಮಾಡುವಂತಿಲ್ಲ. ಕೈಗೆ ದುಡ್ಡು ಬರದಿದ್ದರೂ ಬಾಡಿಗೆ ಬಿಟ್ಟರೆ ಅದು ಸಂಬಳವೇ. ಮುಂದೆ ಮಕ್ಕಳ ಮನೆಗೆ ಹೋಗುವ ದಾರಿಯೇ ಮುಚ್ಚಬಹುದು.

ಪ್ರಶ್ನೆ: ಇಬ್ಬರದೂ ಪೆನ್ಶನ್. ಚಳಿಗಾಲದಲ್ಲೇ ಹೋದರೆ ಜೀವನ ಪ್ರಮಾಣ ಪತ್ರಕ್ಕೆ ಏನು ಮಾಡಬೇಕು? ಔಷಧಿ ಎಷ್ಟು ಒಯ್ಯಬಹುದು?
— ಗೋಕಾಕ

ಉತ್ತರ: ನವೆಂಬರಿನಲ್ಲಿ ಕೊಟ್ಟೇ ಹೊರಡಿ. ಬ್ಯಾಂಕಿಗೆ ಹೋಗೋಕೆ ಆಗದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ ಈಗ ಇದೆ. ಒಮ್ಮೆ ಕೊಟ್ಟರೆ ವರ್ಷಕ್ಕೆ ಆಯಿತು. ಔಷಧಿ ಮೂರು ತಿಂಗಳಿಗೆ ಆಗುವಷ್ಟು ಒಯ್ಯಿರಿ, ಡಾಕ್ಟರ ಚೀಟಿ ಜೊತೆಗಿರಲಿ, ಸ್ಟ್ರಿಪ್ ಬಿಚ್ಚಿ ಡಬ್ಬಿಗೆ ತುಂಬಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಲ್ಲಿನ ಕೆಲಸ ಏನಿದ್ದರೂ ಇಲ್ಲೇ ಮುಗಿಸಿ. ಯೂಮಾದಲ್ಲಿ ಎಲ್ಲರೂ ಗಡಿ ದಾಟಿ ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್‌ಗೆ ಹಲ್ಲು ತೋರಿಸೋಕೆ ಹೋಗುತ್ತಾರೆ, ಅಗ್ಗ ಅಂತ. ನಾವು ದಾಟಿದರೆ ವಾಪಸ್ ಬರುವಾಗ ಮತ್ತೆ ಗಡಿ ಅಧಿಕಾರಿಯ ಮುಂದೆ ನಿಲ್ಲಬೇಕು. ಆ ಗೋಜು ಯಾಕೆ?

ಪ್ರಶ್ನೆ: ಅಪ್ಪ ಅಮ್ಮ ಅರಿಝೋನಾದಿಂದ ಈಗಷ್ಟೇ ಬಂದಿದ್ದಾರೆ. ಅಪ್ಪನಿಗೆ ಕೆಮ್ಮು, ಜ್ವರ, ಸುಸ್ತು ಹೋಗುತ್ತಿಲ್ಲ. ಎಕ್ಸ್‌ರೇ ನೋಡಿ ಟಿಬಿ ಇರಬಹುದು ಅಂತಿದ್ದಾರೆ. ಅಲ್ಲಿಯ ದೂಳಿನಿಂದ ಆಗಿರಬಹುದಾ?
— ಅಥಣಿ

ಉತ್ತರ: ನಾನು ಡಾಕ್ಟರ್ ಅಲ್ಲ, ಆದರೆ ಈ ಪತ್ರ ಎಲ್ಲಕ್ಕಿಂತ ತುರ್ತಿನದು. ಅರಿಝೋನಾದ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಅನ್ನುವ ಶಿಲೀಂಧ್ರ ಇರುತ್ತದೆ. ದೂಳಿನ ಜೊತೆ ಉಸಿರಿಗೆ ಹೋದರೆ ಒಂದರಿಂದ ಮೂರು ವಾರದಲ್ಲಿ ಕೆಮ್ಮು, ಜ್ವರ, ಸುಸ್ತು ಕಾಣಿಸಿಕೊಳ್ಳಬಹುದು. ಅಲ್ಲಿ ಅದಕ್ಕೆ ವ್ಯಾಲಿ ಫೀವರ್ ಅನ್ನುತ್ತಾರೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬಹಳ ಜನರಿಗೆ ತಾನಾಗಿ ವಾಸಿಯಾಗುತ್ತದೆ, ಕೆಲವರಿಗೆ ಶಿಲೀಂಧ್ರದ ಔಷಧಿಯೇ ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಜೋರಾಗುವ ಸಂಭವ ಜಾಸ್ತಿ. ಎಕ್ಸ್‌ರೇಯಲ್ಲಿ ಟಿಬಿ ಥರವೇ ಕಾಣಬಹುದು. ನಮ್ಮ ಕಡೆ ಈ ರೋಗ ಇಲ್ಲದ್ದರಿಂದ ಡಾಕ್ಟರಿಗೆ ಅದು ತಟ್ಟನೆ ಹೊಳೆಯದಿರಬಹುದು. ಟಿಬಿ ಪರೀಕ್ಷೆ ಬಿಡಬೇಡಿ, ಅದು ನಡೆಯಲಿ. ಜೊತೆಗೆ ಅಪ್ಪ ಅರಿಝೋನಾದಲ್ಲಿ ಯಾವ ತಿಂಗಳಿಂದ ಯಾವ ತಿಂಗಳ ತನಕ ಇದ್ದರು, ಯಾವ ಊರಲ್ಲಿ, ದೂಳಿನ ಗಾಳಿಗೆ ಸಿಕ್ಕಿದ್ದರಾ ಅಂತ ಒಂದು ಕಾಗದದಲ್ಲಿ ಬರೆದು, ರೋಗದ ಹೆಸರನ್ನೂ ಬರೆದು ಡಾಕ್ಟರಿಗೆ ಕೊಡಿ. ರಕ್ತ ಪರೀಕ್ಷೆಯಲ್ಲಿ ಪತ್ತೆ ಹಚ್ಚಬಹುದು. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ನಾಳೆಯೇ ಹೋಗಿ.